ಎರಡು ಊರಲ್ಲಿ ಸತ್ತ ವೆಂಕಟರಾವ್

ಹೌರಾ

ನಮ್ಮ ಮನೆಯಲ್ಲಿ ಏನಾದರೂ ಕಳೆದರೆ ಅದು ಕಲ್ಕತ್ತೆಗೆ ಹೋಯಿತು ಎನ್ನುತ್ತಿದ್ದರು. ವಾಟಿ ಸಿಗದಿದ್ದರೆ, ಕೊಡೆ ಕಾಣದಿದ್ದರೆ, ಅಂಬಕ್ಕತ್ತೆ ಅಡುಗೆಮನೆಯಿಂದಲೇ "ಕಲ್ಕತ್ತಾಕ್ಕ ಹೋಗಿರಬೇಕು ಬಿಡು" ಎಂದು ಕೂಗುತ್ತಿದ್ದಳು. ಮಕ್ಕಳಾದ ನಾವು ನಗುತ್ತಿದ್ದೆವು, ದೊಡ್ಡವರು ನಗುತ್ತಿರಲಿಲ್ಲ. ಧಾರವಾಡದ ನಮ್ಮ ಓಣಿಯಿಂದ ಲಂಡನ್ನಿಗೆ, ಅಮೆರಿಕಕ್ಕೆ ಹೋದವರು ಇದ್ದಾರೆ. ಅವರೆಲ್ಲ ವಾಪಸು ಬಂದು ಚಾಕಲೇಟು ಹಂಚಿದ್ದಾರೆ. ನಮ್ಮ ಮನೆಯ ಮಟ್ಟಿಗೆ ಪರದೇಶವೆಂದರೆ ಕಲ್ಕತ್ತೆ ಒಂದೇ. ಹೋದವರು ಬರದ ಊರು.

ಅಲ್ಲಿಗೆ ನಾನು ಹೊರಟದ್ದು ಐವತ್ತು ದಾಟಿದ ಮೇಲೆ, ಶಾಲೆಯ ಬೇಸಿಗೆ ರಜೆಯಲ್ಲಿ. ಎಲ್ಲಿ ನೋಡಿದರೂ ಕಂಪ್ಯೂಟರ್ ಕ್ಲಾಸುಗಳ ಬೋರ್ಡು ಎದ್ದು, ನಮ್ಮ ಶಾಲೆಯ ನಕಾಶೆಯ ಕೋಣೆಯನ್ನೂ ಖಾಲಿ ಮಾಡಿಸಿ ಕಂಪ್ಯೂಟರ್ ತಂದಿಟ್ಟ ವರ್ಷ ಅದು. ಹುಡುಗಿಯರಿಗೆ ಭೂಗೋಳ ಕಲಿಸುತ್ತ ಬೆತ್ತದ ತುದಿಯಿಂದ ಹೂಗ್ಲಿ ನದಿಯನ್ನು ಎಷ್ಟು ಸಲ ತೋರಿಸಿದ್ದೆನೋ. ನಕಾಶೆಯಲ್ಲಿ ಊರೆಂದರೆ ಒಂದು ಚುಕ್ಕೆ. ರೈಲಿನಿಂದ ಇಳಿದು ನೋಡಿದರೆ ಆ ಚುಕ್ಕೆಯೊಳಗೆ ಇಷ್ಟೊಂದು ಜನ, ಇಷ್ಟೊಂದು ಬೆವರು.

"ದೊಡ್ಡ ಗಡಿಯಾರದ ಕೆಳಗೇ ನಿಂತಿರಿ, ಅಕ್ಕ. ಎಲ್ಲೂ ಹೋಗ್ಬೇಡಿ" ಎಂದು ಫೋನಿನಲ್ಲಿ ಹೇಳಿದ್ದಳು ಮಾಲತಿ. ಅವಳು ನನ್ನ ಜೊತೆ ಕಲಿಸುವ ಗೆಳತಿಯ ತಂಗಿ, ಮೈಸೂರಿನವಳು. ಗಂಡನ ಕೇಂದ್ರ ಸರ್ಕಾರದ ನೌಕರಿಯಿಂದಾಗಿ ಬಹಳ ವರ್ಷಗಳಿಂದ ಕಲ್ಕತ್ತೆಯಲ್ಲಿ ನೆಲೆಸಿದವಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಗಡಿಯಾರ ಹುಡುಕಿದೆ. ಇರಲಿಲ್ಲ. ಒಬ್ಬ ಹಮಾಲನನ್ನು "ಬಡೀ ಘಡಿ?" ಎಂದು ಕೇಳಿದರೆ ಆತ ತನ್ನ ಕೈಗಡಿಯಾರ ನೋಡಿ ಗಂಟೆ ಎಷ್ಟೆಂದು ಹೇಳಿ ಹೋದ. ಚೀಲವನ್ನು ಎರಡು ಕಾಲುಗಳ ನಡುವೆ ಒತ್ತಿಕೊಂಡು ನಿಂತೆ. ಹೋದವರು ಬರದ ಊರಿನಲ್ಲಿ ನನ್ನನ್ನು ಕರೆದೊಯ್ಯುವವರೂ ಬರಲಿಲ್ಲವಲ್ಲ ಎಂದುಕೊಂಡೆ.

ಹೌರಾದಲ್ಲಿ ಹಳೆಯ ನಿಲ್ದಾಣ, ಹೊಸ ನಿಲ್ದಾಣ ಎಂದು ಎರಡಿವೆ. ಗಡಿಯಾರ ಇರುವುದು ಹಳೆಯದರಲ್ಲಿ, ನನ್ನ ರೈಲು ಬಂದದ್ದು ಹೊಸದಕ್ಕೆ. ಇದು ತಿಳಿದದ್ದು ಮಾಲತಿ ಏದುಸಿರು ಬಿಡುತ್ತ ಬಂದು ನನ್ನ ತೋಳು ಹಿಡಿದ ಮೇಲೆ. "ಇಳಕಲ್ ಸೆರಗು ನೋಡಿ ಗುರುತು ಹಿಡಿದೆ, ಅಕ್ಕ. ಇಲ್ಲಾಂದ್ರೆ ಈ ಭೀಡ್‌ನಲ್ಲಿ ಎಲ್ಲಿ ಹುಡುಕ್ಲಿ!"

ಹಳದಿ ಟ್ಯಾಕ್ಸಿ ದೊಡ್ಡ ಸೇತುವೆ ಏರಿದಾಗ, ನಮ್ಮಪ್ಪ ಹುಟ್ಟುವ ಮೊದಲೇ ಇಲ್ಲಿಗೆ ಬಂದು ಮರಳದ ನಮ್ಮ ಶಾಮಜ್ಜ ಇದನ್ನು ದಾಟಿರಬೇಕು ಅಂದುಕೊಂಡೆ. ಬಾಯಿಬಿಟ್ಟು ಹೇಳಿದೆ ಕೂಡ. ಮಾಲತಿ ಗಂಡನಿಂದ ಕೇಳಿದ್ದನ್ನು ನೆನೆಸಿಕೊಂಡು, "ಇದು ಆಮೇಲೆ ಕಟ್ಟಿದ್ದಂತೆ, ಅಕ್ಕ. ಆಗ ದೋಣಿಗಳ ಮೇಲೆ ಹಲಗೆ ಹಾಸಿದ ತೇಲೋ ಸೇತುವೆ ಇತ್ತಂತೆ" ಎಂದಳು. ಊರಿಗೆ ಕಾಲಿಟ್ಟ ಮೊದಲ ಗಳಿಗೆಯಲ್ಲೇ ನನ್ನ ಊಹೆ ಒಂದು ತಪ್ಪಿತ್ತು.

ಗರಿಯಾಹಾಟ್

ಮಾಲತಿಯ ಮನೆ ಗರಿಯಾಹಾಟಿನ ಒಂದು ಗಲ್ಲಿಯಲ್ಲಿ, ಸೀರೆ ಅಂಗಡಿಯ ಮೇಲಿನ ಮಹಡಿ. ಕೆಳಗೆ ಹೊತ್ತು ಮುಳುಗುವವರೆಗೂ ಚೌಕಾಸಿ. ನಮ್ಮ ಕಡೆ ಗಿರಾಕಿ ಸಿಟ್ಟು ಮಾಡಿಕೊಂಡು ಹೊರಟರೆ ಅಂಗಡಿಯವನು ಹಿಂದಿನಿಂದ ಕೂಗುತ್ತಾನೆ. ಇಲ್ಲಿ ಅಂಗಡಿಯವನೇ ಮುನಿಸಿಕೊಂಡು ಮುಖ ತಿರುಗಿಸುತ್ತಾನೆ, ಗಿರಾಕಿ ರಮಿಸುತ್ತಾಳೆ. ಪಕ್ಕದ ಮನೆಯಿಂದ ಸಾಸಿವೆ ಎಣ್ಣೆಯಲ್ಲಿ ಮೀನು ಹುರಿಯುವ ವಾಸನೆ ಬರುತ್ತಿತ್ತು. ಮಾಲತಿ ನನಗಾಗಿ ಸಾರು ಮಾಡಿ, ವಾಸನೆ ಬರದಂತೆ ಕಿಟಕಿ ಮುಚ್ಚಿದಳು. ಸೆಕೆಗೆ ತಾಳಲಾರದೆ ನಾನೇ ಎದ್ದು ತೆರೆದೆ. ಕಾಲೇಜಿಗೆ ಹೋಗುವ ಅವಳ ಮಗಳು, "ಆಂಟಿ, ಕನ್ನಡ ಪೂರಾ ಸಮಝ್‌ತೀನಿ, ಮಾತಾಡಕ್ಕೆ ಶರಮ್" ಎಂದು ನಕ್ಕು ಕೋಣೆಗೆ ಹೋದಳು. ಅಲ್ಲಿಯವರೆಗೆ "ಒಂದು ಹಳೆಯ ದಾಖಲೆ ನೋಡಬೇಕು" ಎಂದಷ್ಟೇ ತಿಳಿಸಿದ್ದ ನಾನು, ಉಂಡು ಕುಳಿತಾಗ ಮಾಲತಿಗೆ ಎಲ್ಲವನ್ನೂ ಹೇಳಿದೆ.

ನನ್ನ ಅಣ್ಣ ಚಿತ್ರಕಲೆಯ ಮಾಸ್ತರ. ಬೋರ್ಡಿನ ಮೇಲೆ ಕಂಪಾಸಿಲ್ಲದೆ ವೃತ್ತ ಬರೆದರೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ತಿಳಿಯುತ್ತಿರಲಿಲ್ಲ. ಎರಡು ವರ್ಷಗಳಿಂದ ಅವನ ಕೈ ತಾನಾಗಿ ಎಗರತೊಡಗಿತ್ತು. ಆಮೇಲೆ ಭುಜ. ಆಮೇಲೆ ಕುಳಿತಲ್ಲಿ ಕಾಲು. ಹುಡುಗರು ಮಾಸ್ತರರು ಕುಡಿದು ಬರುತ್ತಾರೆಂದು ಆಡಿಕೊಂಡರು. ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಅವನ ನಡಿಗೆ, ನಾಲಿಗೆ, ಬೆರಳು ಎಲ್ಲ ನೋಡಿ, ಹಾಳೆಯೊಂದರ ಮೇಲೆ ಚೌಕ, ಗುಂಡು ಬರೆಯತೊಡಗಿದರು. ಗಂಡಸರಿಗೆ ಚೌಕ, ಹೆಂಗಸರಿಗೆ ಗುಂಡು.

"ತಂದೆ?"

"ಬಸ್ ಅಪಘಾತದಾಗ ಹೋದ್ರು. ವಯಸ್ಸಿನ್ನೂ ಸಣ್ಣದು" ಎಂದ ಅಣ್ಣ.

"ತಂದೆಯ ತಂದೆ?"

"ವೆಂಕಟರಾವ್" ಎಂದ ಅಣ್ಣ. ಅದೇ ಉಸಿರಿನಲ್ಲಿ ನಾನು "ಶಾಮರಾವ್" ಎಂದೆ. ಡಾಕ್ಟರರ ಪೆನ್ನು ನಿಂತಿತು.

ಕಾಗದದ ಪ್ರಕಾರ ಅಣ್ಣನ ಮಾತೇ ಸರಿ. ಅಪ್ಪನ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ವೆಂಕಟರಾವ್. ದೇವರ ಮನೆಯ ಕಪಾಟಿನಲ್ಲಿರುವ ವಂಶಾವಳಿಯಲ್ಲೂ ಅಪ್ಪನ ಹೆಸರು ವೆಂಕಟರಾವ್ ಎಂಬ ಕೊಂಬೆಯ ಕೆಳಗೇ ಇದೆ. ನಾವು ವೆಂಕಜ್ಜ ಎನ್ನುತ್ತಿದ್ದ ಈ ಹಿರಿಯ ಎಂಬತ್ತು ದಾಟುವವರೆಗೂ ಬದುಕಿ, ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದ. ಆದರೆ ವೆಂಕಜ್ಜನ ಸ್ವಂತ ಮಗಳು ಅಂಬಕ್ಕತ್ತೆ ಸಾಯುವ ಮುಂಚೆ ನನ್ನನ್ನು ಹತ್ತಿರ ಕರೆದು ಹೇಳಿದ್ದಳು: "ನಿಮ್ಮಪ್ಪ ನನ್ನ ಬೆನ್ನಿಗೆ ಬಿದ್ದ ತಮ್ಮ ಅಲ್ಲವ್ವಾ. ಅಂವ ರೈಲಿನಾಗ ಬಂದ ಕೂಸು."

ವೆಂಕಜ್ಜನ ತಮ್ಮ ಶಾಮಜ್ಜ. ಮ್ಯಾಟ್ರಿಕ್ಕಿನಲ್ಲಿ ಗಣಿತಕ್ಕೆ ಕೂತಷ್ಟು ಸಲವೂ ನಪಾಸಾಗಿ, ಬ್ರಿಟಿಷರ ಕಾಲದಲ್ಲಿ ಹೆಂಡತಿಯನ್ನು ಕಟ್ಟಿಕೊಂಡು ಕಲ್ಕತ್ತೆಗೆ ಹೋದವನು. ಅಲ್ಲಿ ಯಾವುದೋ ಸರ್ಕಾರಿ ಛಾಪಖಾನೆಯಲ್ಲಿ ಕೆಲಸ ಸಿಕ್ಕಿತಂತೆ. ಕೆಲವು ವರ್ಷಗಳ ಮೇಲೆ ಹೆಂಡತಿ ಒಬ್ಬಳೇ, ಎದೆಗೂಸಿನ ಜೊತೆ ಧಾರವಾಡಕ್ಕೆ ಬಂದಿಳಿದಳು. ಅವನು ಬರಲೇ ಇಲ್ಲ. ಅಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡ ಎಂದರು. ಇತ್ತ ಕೂಸಿನ ತಾಯಿ ಜ್ವರ ಹಿಡಿದು ಬೇಗನೇ ಹೋದಳು. ವೆಂಕಜ್ಜ ಆ ಕೂಸನ್ನು ತನ್ನ ಮಗನೆಂದೇ ಶಾಲೆಗೆ ಸೇರಿಸಿದ. ಅಂಬಕ್ಕತ್ತೆ ಹೇಳಿದ್ದು ಇಷ್ಟು. ಅದಕ್ಕೆ ಯಾವ ಕಾಗದದ ಆಧಾರವೂ ಇರಲಿಲ್ಲ.

ಡಾಕ್ಟರು ಬಿಡಿಸಿ ಹೇಳಿದ್ದರು. ಅವರು ಶಂಕಿಸಿದ ಕಾಯಿಲೆ ತಂದೆ ತಾಯಿಯಿಂದ ಮಕ್ಕಳಿಗೆ ಬರುವಂಥದು. ಅದು ಇರುವವರ ಪ್ರತಿ ಮಗುವಿಗೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಅರ್ಧಕ್ಕರ್ಧ. ರಕ್ತ ಕೊಟ್ಟರೆ ಖಚಿತವಾಗುತ್ತದೆ. ಅಣ್ಣ ತೋಳು ಚಾಚಲಿಲ್ಲ.

"ನಮ್ಮಜ್ಜ ವೆಂಕಟರಾವ್. ಅಂವಗ ಏನೂ ಇದ್ದಿಲ್ಲ. ನಂಗ ಯಾಕ ಬರ್ತದ?" ಎಂದು ಮನೆಯಲ್ಲಿ ಕೂಗಾಡಿದ. "ಶಾಮಜ್ಜ ಅಂತೀಯಲ್ಲ, ತೋರಸು. ಅಂವ ನಮ್ಮಜ್ಜ ಅಂತ, ಅಂವಗ ಹಿಂಗಽ ಇತ್ತಂತ ತೋರಸು. ಅವತ್ತ ರಕ್ತ ಕೊಡತೀನಿ."

ಅವನ ಮಗಳು ಅನಘಾಳ ಮದುವೆ ಗೊತ್ತಾಗಿತ್ತು. ನಮ್ಮ ವೈನಿ, ಅಣ್ಣನ ಹೆಂಡತಿ, ನನ್ನ ಕೈ ಹಿಡಿದು, "ಮನೆತನದಾಗ ಹಿಂಗದ ಅಂತ ಗೊತ್ತಾದ್ರ ಯಾರ ಮಾಡ್ಕೋತಾರ ನಮ್ಮ ಹುಡುಗಿನ್ನ? ಸುಮ್ಮನಿರ್ರಿ" ಎಂದಿದ್ದಳು. ಅರ್ಧಕ್ಕರ್ಧ ಎಂದ ಲೆಕ್ಕದಲ್ಲಿ ನಾನೂ ಇದ್ದೆ, ಪುಣೆಯಲ್ಲಿರುವ ನನ್ನ ಮಗನೂ ಇದ್ದ. ಚಹಾದ ಕಪ್ಪು ಹಿಡಿದಾಗಲೆಲ್ಲ ನಾನು ಬೆರಳು ನೋಡಿಕೊಳ್ಳುವುದನ್ನು ಮಾಲತಿ ಆಗಲೇ ಗಮನಿಸಿದ್ದಳು. ಏನೂ ಕೇಳದೆ ನನ್ನ ತಟ್ಟೆ ಎತ್ತಿಕೊಂಡು, "ನಾಳೆ ನಾನೂ ಬರ್ತೀನಿ, ಅಕ್ಕ" ಎಂದಳು.

ಬಿಬಿಡಿ ಬಾಗ್

ಬಿಬಿಡಿ ಬಾಗಿನಲ್ಲಿ ಬಸ್ಸಿಳಿದು ಸ್ವಲ್ಪ ನಡೆದರೆ ಹಳೆಯ ಜನನ ಮರಣಗಳ ದಾಖಲೆ ಇಟ್ಟಿರುವ ಕಚೇರಿ. ಎತ್ತರದ ಚಾವಣಿ, ಉದ್ದ ಕೋಲಿಗೆ ತೂಗುಬಿದ್ದ ಫ್ಯಾನುಗಳು, ಹಾರಿಹೋಗದಂತೆ ಪ್ರತಿ ಕಾಗದದ ಮೇಲೂ ಒಂದು ಕಲ್ಲು. ನಮ್ಮಲ್ಲಿ ಗುಮಾಸ್ತರು ಮುಖ ಎತ್ತದೆ "ನಾಳೆ ಬರ್ರಿ" ಎನ್ನುತ್ತಾರೆ. ಇಲ್ಲಿ ದತ್ತಬಾಬು ಎಂಬವರು ಕುರ್ಚಿ ಕೊಟ್ಟು, ಮಣ್ಣಿನ ಕುಡಿಕೆಯಲ್ಲಿ ಚಹಾ ತರಿಸಿ, ಊರು ಕೇರಿ ವಿಚಾರಿಸಿ, "ಹೋಬೆ, ಹೋಬೆ" ಎಂದರು. ಆಗುತ್ತದೆ, ಆಗುತ್ತದೆ. ಧಾರವಾಡವೆಂದರೆ ಮದ್ರಾಸಿಗೆ ಎಷ್ಟು ದೂರ ಎಂದು ಪಕ್ಕದ ಮೇಜಿನವರೂ ಬಂದು ಕೇಳಿದರು. ಬಹಳ ದೂರ ಎಂದಾಗ ಅವರಿಗೆ ಬೇಸರವಾಯಿತು.

ಹಳೆಯ ದಾಖಲೆಗಳನ್ನೆಲ್ಲ ಆಗಷ್ಟೇ ಕಂಪ್ಯೂಟರಿಗೆ ಏರಿಸುತ್ತಿದ್ದರು. ದತ್ತಬಾಬು ಹೆಮ್ಮೆಯಿಂದ ಒಂದು ಬೆರಳಿನಲ್ಲಿ ಅಕ್ಷರ ಒತ್ತಿದರು. ಹುಟ್ಟಿದ ದಾಖಲೆಗಳಲ್ಲಿ ಶಾಮ್ ರಾವ್ ಎಂಬ ತಂದೆ ಇಲ್ಲ. ಬರೀ ರಾವ್ ಎಂದು ಒತ್ತಿದರು. ಒಬ್ಬನೂ ಇಲ್ಲ.

"ಇಷ್ಟು ದೊಡ್ಡ ಊರಲ್ಲಿ ಅಷ್ಟು ವರ್ಷ ಒಬ್ಬ ರಾವ್ ಕೂಡ ಮಗು ಹಡೆಯಲಿಲ್ಲವೇ?" ಎಂದು ನಾನು ಕನ್ನಡದಲ್ಲೇ ಕೇಳಿದೆ, ಯಾರಿಗೆಂದು ತಿಳಿಯದೆ.

ಮಾಲತಿ ಒಂದು ಗಳಿಗೆ ಯೋಚಿಸಿ, "ರಾಯ್ ಅಂತ ನೋಡಿ, ದಾದಾ" ಎಂದಳು. "ಅಕ್ಕ, ನಮ್ಮ ಯಜಮಾನರ ಹೆಸರನ್ನೂ ಇಲ್ಲಿ ಎಲ್ರೂ ರಾಯ್ ಮಾಡ್ಬಿಡ್ತಾರೆ."

ರಾಯ್‌ಗಳು ಸಾವಿರಾರು ಬಂದರು. ಹೆಸರು ಕನ್ನಡದ್ದೋ ಬಂಗಾಳಿಯದೋ ಎಂದು ಪರದೆಯ ಮೇಲೆ ಒಂದೊಂದೇ ಓದುತ್ತ ಕುಳಿತೆವು. ಮಧ್ಯಾಹ್ನ ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಮೊದಲಿನಿಂದ. ಸಂಜೆಯ ಹೊತ್ತಿಗೆ ನನ್ನ ಕಣ್ಣಿಗೆ ಎಲ್ಲ ರಾಯ್‌ಗಳೂ ಒಂದೇ ಆಗಿದ್ದರು. ಆಗ ಮಾಲತಿ ಬೆರಳಿಟ್ಟಳು. ಬೆಂಕಟ್ ರಾಯ್.

ಬಂಗಾಳಿಗಳ ಬಾಯಲ್ಲಿ ವಕಾರ ಬಕಾರವಾಗುತ್ತದೆ ಎಂದು ನನಗೂ ಗೊತ್ತಿತ್ತು. ಬೆಂಕಟ್ ಎಂದರೆ ವೆಂಕಟ್. ಮಾರನೆಯ ದಿನ ದತ್ತಬಾಬು ಮೂಲ ಪುಸ್ತಕವನ್ನೇ ತರಿಸಿದರು. ಅಂಚು ಪುಡಿಯಾದ ಹಾಳೆಯ ಮೇಲೆ ಓರೆ ಅಕ್ಷರ: ಗಂಡು ಮಗು. ತಂದೆ ವೆಂಕಟ್ ರಾವ್, ಧಾರವಾಡದವನು, ಛಾಪಖಾನೆಯ ನೌಕರ. ಶಾಲೆಯಲ್ಲಿ ಬರೆಸಿದ ಅಪ್ಪನ ಹುಟ್ಟಿದ ವರ್ಷಕ್ಕೂ ಇದಕ್ಕೂ ಹೊಂದುತ್ತಿರಲಿಲ್ಲ, ಆದರೆ ಆ ಕಾಲದಲ್ಲಿ ಯಾವ ಮಕ್ಕಳದು ಹೊಂದುತ್ತಿತ್ತು?

ಮೊದಲು ಬಂದದ್ದು ಸಂತೋಷ. ಅಂಥ ಸಂತೋಷವನ್ನು ನಾನು ಮದುವೆಯಲ್ಲೂ ಅಲ್ಲ, ಮಗ ಹುಟ್ಟಿದಾಗ ಕಂಡಿದ್ದೆ. ಅಪ್ಪ ರೈಲಿನಲ್ಲಿ ಬಂದ ಕೂಸು ನಿಜ, ಆದರೆ ವೆಂಕಜ್ಜನ ಕೂಸು! ವೆಂಕಜ್ಜ ಪ್ರಾಯದಲ್ಲಿ ಎಲ್ಲಿದ್ದ ಎಂದು ನಾನು ಎಂದಾದರೂ ಕೇಳಿದ್ದೆನೇ? ಅವನೇ ಕೆಲವು ಕಾಲ ಕಲ್ಕತ್ತೆಯಲ್ಲಿ ಇದ್ದಿರಬಹುದು. ಅಂಬಕ್ಕತ್ತೆ ಮುದುಕಿ, ಕೊನೆಗಾಲದಲ್ಲಿ ಇಬ್ಬರನ್ನು ಕಲಸಿರಬಹುದು. ಮನಸ್ಸು ತನಗೆ ಬೇಕಾದ ಕಥೆಯನ್ನು ಎಷ್ಟು ಬೇಗ ಹೆಣೆಯುತ್ತದೆ ಎಂದು ಈಗ ನೆನೆದರೆ ಆಶ್ಚರ್ಯವಾಗುತ್ತದೆ.

ರಸ್ತೆ ದಾಟಿ ಎಸ್‌ಟಿಡಿ ಬೂತಿಗೆ ಓಡಿದೆ.

"ಅಣ್ಣಾ, ಸಿಕ್ತು. ಅಪ್ಪ ಇಲ್ಲೇ ಹುಟ್ಯಾನ. ಆದ್ರ ತಂದಿ ಹೆಸರು ವೆಂಕಟರಾವ್ ಅಂತಽ ಅದ."

"ನಾ ಹೇಳಿದ್ದಿಲ್ಲೇನು!" ಅವನ ದನಿ ಬೂತಿನ ಗಾಜಿನ ಆಚೆಗೂ ಕೇಳಿರಬೇಕು. "ಮೊದಲಿಂದ ಹೇಳಲಿಕ್ಕತ್ತೀನಿ. ಆ ಡಾಕ್ಟರ್ ಏನೋ ಚೌಕ ಬರೀತಾನ, ಗುಂಡು ಬರೀತಾನ. ಸಾಕು, ಬಾ ಮನಿಗೆ." ವೈನಿ ಫೋನು ಕಸಿದುಕೊಂಡು ಅಳತೊಡಗಿದಳು. ಏನು ಹೇಳಿದಳೋ ನನಗೆ ಒಂದೂ ತಿಳಿಯಲಿಲ್ಲ.

ಆ ಸಂಜೆ ಮಾಲತಿ ನನ್ನನ್ನು ಒಂದು ಮಿಠಾಯಿ ಅಂಗಡಿಗೆ ಕರೆದೊಯ್ದಳು. ಎಲೆಯ ದೊನ್ನೆಯಲ್ಲಿ ಸಂದೇಶ್ ತಿನ್ನುವಾಗ ಬೆರಳು ನೋಡಿಕೊಳ್ಳುವುದನ್ನು ಮರೆತಿದ್ದೆ.

ಮತ್ತೆ ಅದೇ ಕಚೇರಿ

ಹುಟ್ಟಿದ ದಾಖಲೆಯ ನಕಲಿಗೆ ಸಹಿ, ಮೊಹರು ಆಗಬೇಕಿತ್ತು; ಮರುದಿನ ಅದಕ್ಕಾಗಿ ಹೋದೆವು. ಸಹಿ ಮಾಡುವ ಸಾಹೇಬರು ಬಂದಿರಲಿಲ್ಲ. ಕಾಯುತ್ತ ಕೂರುವ ಬದಲು ಶಾಮಜ್ಜ ಎಲ್ಲಿ ಸತ್ತನೆಂದೂ ನೋಡಿಬಿಡೋಣ, ಎಂದಾದರೂ ಯಾರಾದರೂ ಕೇಳಿದರೆ ಇರಲಿ ಎಂದು ದತ್ತಬಾಬುಗಳನ್ನು ಕೇಳಿದೆ. ಅವರು ಮರಣದ ದಾಖಲೆಗಳಲ್ಲಿ ಹುಡುಕಿದರು. ಶಾಮ್ ರಾಯ್‌ಗಳು ಹಲವರಿದ್ದರು, ಎಲ್ಲರೂ ಬಂಗಾಳಿಗಳು. ಇನ್ನೇನು ಬಿಡಬೇಕು ಎನ್ನುವಾಗ ಅವರು ಕನ್ನಡಕ ಮೇಲೆತ್ತಿದರು.

"ದಿದಿ, ನಿಮ್ಮ ಬೆಂಕಟ್‌ಬಾಬು ಇಲ್ಲೂ ಇದ್ದಾರೆ."

ಪುಸ್ತಕ ಬಂತು. ವೆಂಕಟ್ ರಾವ್, ಧಾರವಾಡದವನು, ಹಿಂದೆ ಛಾಪಖಾನೆಯ ನೌಕರ. ವಯಸ್ಸು ನಲವತ್ತರ ಒಳಗೆ. ಕಾರಣ ಜ್ವರ. ಸತ್ತದ್ದು ಪಟ್ಟಣದ ಆಸ್ಪತ್ರೆಯಲ್ಲಿ, ವಾಸ ಬಾರಾನಗರದ ಒಂದು ಓಣಿಯಲ್ಲಿ. ನಾನು ಹುಟ್ಟುವುದಕ್ಕೂ ಬಹಳ ಮೊದಲು, ಸ್ವಾತಂತ್ರ್ಯಕ್ಕೂ ಮೊದಲು.

ನಾನು ವೆಂಕಜ್ಜನ ತೊಡೆಯ ಮೇಲೆ ಕುಳಿತು ಶೇಂಗಾ ಬೆಲ್ಲ ತಿಂದವಳು. ಹೈಸ್ಕೂಲಿನಲ್ಲಿದ್ದಾಗ ಅವನ ಹೆಣ ಧಾರವಾಡದ ಪಡಸಾಲೆಯಲ್ಲಿ ಮಲಗಿದ್ದನ್ನು ಕಂಡವಳು. ಆ ಮನುಷ್ಯ ಇಲ್ಲಿ, ಈ ಪುಸ್ತಕದಲ್ಲಿ, ನಲವತ್ತೂ ತುಂಬದೆ ಸತ್ತಿದ್ದ. ಫ್ಯಾನಿನ ಗಾಳಿಗೆ ಹಾಳೆ ಏಳುತ್ತಿತ್ತು. ದತ್ತಬಾಬು ಅದರ ಮೇಲೆ ಕಲ್ಲಿಟ್ಟರು.

"ಅದೇ ಹೆಸರಿನವರು ಇನ್ನೊಬ್ಬರಿರಬಹುದು" ಎಂದೆ. ಅದೇ ಊರು, ಅದೇ ಕೆಲಸ. ಹೇಳುವಾಗಲೇ ನನಗೆ ನಂಬಿಕೆ ಇರಲಿಲ್ಲ.

ಹೊರಗಿನ ಮೆಟ್ಟಿಲ ಮೇಲೆ ಕುಳಿತಾಗ ಮಾಲತಿ ಮೆಲ್ಲಗೆ ಹೇಳಿದಳು: "ಅಕ್ಕ, ನಮ್ಮ ತಾತ ಅವರಣ್ಣನ ಸರ್ಟಿಫಿಕೇಟ್ ತೋರ್ಸಿ ರೈಲ್ವೇಲಿ ಕೆಲಸ ಹಿಡಿದಿದ್ರು. ರಿಟೈರ್ ಆಗೋವರೆಗೂ ಆಫೀಸಲ್ಲಿ ಅವರಣ್ಣನ ಹೆಸರೇ. ಆಗೆಲ್ಲ ಹಾಗೇ ಅಲ್ವಾ?"

ಮ್ಯಾಟ್ರಿಕ್ ಪಾಸಾಗದ ತಮ್ಮ. ಪಾಸಾದ ಅಣ್ಣ. ಅಷ್ಟು ಸಾಕಾಯಿತು. ಧಾರವಾಡ ಬಿಟ್ಟು ಎಂದೂ ಕದಲದ ವೆಂಕಜ್ಜನ ಕಾಗದ ಹಿಡಿದು ಶಾಮಜ್ಜ ಕಲ್ಕತ್ತೆಗೆ ಬಂದಿದ್ದ. ಇಲ್ಲಿ ಅವನೇ ವೆಂಕಟರಾವ್. ಅವನ ಮಗನ ಹುಟ್ಟೂ ಆ ಹೆಸರಿನಲ್ಲೇ, ಅವನ ಸಾವೂ ಆ ಹೆಸರಿನಲ್ಲೇ. ಸಾಹೇಬರು ಬಂದು ಸಹಿ ಹಾಕಿದರು. ಮೊಹರು ಬಿದ್ದ ನಕಲನ್ನು ದತ್ತಬಾಬು ನಗುತ್ತ ನನ್ನ ಕೈಗೆ ಕೊಟ್ಟರು. ಅದರ ಪ್ರತಿ ಅಕ್ಷರವೂ ಅಣ್ಣನ ಪರವಾಗಿತ್ತು.

ಆ ಹೊತ್ತಿಗೆ ಅಣ್ಣ ಬೆಂಗಳೂರಿನ ಡಾಕ್ಟರರಿಗೆ ಫೋನು ಮಾಡಿ ಬೈದಿರಬಹುದು ಎನಿಸಿತು. ಎಸ್‌ಟಿಡಿ ಬೂತಿನ ಮುಂದೆ ನಿಂತು, ಒಳಗೆ ಹೋಗದೆ ಮರಳಿದೆ. ಶಾಮಜ್ಜನಿಗೆ ಕಾಯಿಲೆ ಇತ್ತೇ ಎಂಬುದು ಇನ್ನೂ ತಿಳಿದಿರಲಿಲ್ಲ. ಜ್ವರದಿಂದ ಸತ್ತವನು ಬರೀ ಜ್ವರದಿಂದಲೇ ಸತ್ತಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಅಜ್ಜನೊಬ್ಬ ಜ್ವರದಿಂದ ಸಾಯಲಿ ಎಂದು ಬೇಡುವ ಮೊಮ್ಮಗಳು ಇರುತ್ತಾಳೆಯೇ!

ಬಾರಾನಗರ

ಮಾರನೆಯ ದಿನ ಬಾರಾನಗರಕ್ಕೆ ಹೋಗುವ ಬಸ್ಸನ್ನು ದಾರಿಯಲ್ಲಿ ಕೆಂಪು ಬಾವುಟಗಳ ಮೆರವಣಿಗೆ ತಡೆದು ನಿಲ್ಲಿಸಿತು. ಯಾರೂ ಗೊಣಗಲಿಲ್ಲ. ಬಸ್ಸಿನೊಳಗೇ ಮೆರವಣಿಗೆಯ ಪರ ಮತ್ತು ವಿರೋಧ ಚರ್ಚೆ ಶುರುವಾಯಿತು. ನಮ್ಮಲ್ಲಾದರೆ ಡ್ರೈವರನಿಗೆ ಬೈಯುತ್ತಿದ್ದರು. ನನಗೆ ಮಾತ್ರ ಆ ತಡ ಹಿತವಾಗಿತ್ತು. ತಲುಪದಿದ್ದರೆ ಕೇಳಬೇಕಿಲ್ಲ.

ಓಣಿಯ ಹೆಸರು ಬದಲಾಗಿತ್ತು, ಮನೆಗಳ ಸಂಖ್ಯೆಯೂ ಬದಲಾಗಿತ್ತು. ಮನೆಗಳ ಮುಂದಿನ ಕಟ್ಟೆಗಳ ಮೇಲೆ ಬನಿಯನ್ ತೊಟ್ಟು ಪೇಪರು ಓದುತ್ತಿದ್ದ ಹಿರಿಯರು ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸಿದರು. ಆಮೇಲೆ ನಮ್ಮನ್ನು ಬಿಟ್ಟು ತಮ್ಮತಮ್ಮಲ್ಲೇ ವಾದಕ್ಕಿಳಿದರು. ಕೊನೆಗೆ ಅವರೆಲ್ಲ ಒಪ್ಪಿದ್ದು ಒಂದೇ ಮಾತನ್ನು: ಅಷ್ಟು ಹಳೆಯದು ಗೊತ್ತಿದ್ದರೆ ಬೀಣಾ ಮಾಸಿಮಾಗೆ ಗೊತ್ತು.

ಬೀಣಾ ಮಾಸಿಮಾ ಎಂಬತ್ತರ ಆಸುಪಾಸಿನವರು. ಮದುವೆಯಾಗದೆ, ಶಾಲೆಯಲ್ಲಿ ಕಲಿಸಿ, ಹುಟ್ಟಿದ ಮನೆಯಲ್ಲೇ ಉಳಿದವರು. ನದಿಯ ಘಾಟಿಗೆ ಇಳಿಯುವ ಓಣಿಯ ಕೊನೆಯ ಮನೆ. ನಾನೂ ಶಿಕ್ಷಕಿಯೆಂದು ತಿಳಿದು ಖುಷಿಪಟ್ಟು, ಎದ್ದು ಹೋಗಿ ನೀರು, ಸಂದೇಶ್ ತಂದರು. "ಜಲ ಖಾಓ" ಎಂದರು. ಇಲ್ಲಿ ನೀರನ್ನೂ ತಿನ್ನುತ್ತಾರೆ. ಮಾಲತಿ ನಮ್ಮಿಬ್ಬರ ನಡುವೆ ಕುಳಿತು ಅತ್ತಿತ್ತ ಮಾತು ದಾಟಿಸಿದಳು.

ಧಾರವಾಡದ ವೆಂಕಟರಾವ್ ಎನ್ನುತ್ತಿದ್ದಂತೆ ಅವರು ನೆಲಮಹಡಿಯ ಒಂದು ಕೋಣೆಯತ್ತ ಕೈ ತೋರಿದರು. "ಬೆಂಕಟ್ ಕಾಕಾ. ಅಲ್ಲೇ ಇದ್ದರು. ನಮ್ಮ ಅಪ್ಪನ ಜೊತೆ ಛಾಪಖಾನೆಯಲ್ಲಿ ಕೆಲಸ. ನಾವು ಮಕ್ಕಳೆಲ್ಲ ನಾಚುನೆ ಕಾಕಾ ಅನ್ನುತ್ತಿದ್ದೆವು."

ನನಗೆ ನಗು ಬಂತು. ನಾಚುವ ಕಾಕಾ. ಸಂಕೋಚದ ಮನುಷ್ಯ. ನಮ್ಮ ಅಪ್ಪನೂ ಫೋಟೋದಲ್ಲಿ ತಲೆ ತಗ್ಗಿಸಿಯೇ ನಿಂತಿದ್ದಾನೆ. ಆ ಒಂದು ಪದ ನನಗೆ ತವರಿನ ಮಾತಿನಂತೆ ಕೇಳಿ ಎಷ್ಟು ಹಿತವಾಯಿತೆಂದರೆ ಮಾಲತಿಯ ಕಡೆ ತಿರುಗಿ, "ಬಹಳ ನಾಚಿಕೆ ಸ್ವಭಾವ ಇತ್ತಂತೇನು?" ಎಂದೆ.

ಮಾಲತಿಯ ಮುಖ ಬಾಡಿತ್ತು. "ಇಲ್ಲ, ಅಕ್ಕ. ನಾಚುನೆ ಅಂದ್ರೆ ಇಲ್ಲಿ ಕುಣಿಯೋದು. ಕುಣಿಯೋ ಕಾಕಾ."

ಮಾಸಿಮಾ ಕುಳಿತಲ್ಲೇ ಭುಜ ಎಗರಿಸಿ, ಮಣಿಕಟ್ಟು ತಿರುಗಿಸಿ ತೋರಿಸಿದರು. ನಮ್ಮ ಅಣ್ಣನೇ ಆ ಕುರ್ಚಿಯಲ್ಲಿ ಬಂದು ಕುಳಿತಂತಾಯಿತು. ನಾನು ನೀರಿನ ಲೋಟ ಕೆಳಗಿಟ್ಟೆ.

ಆಮೇಲೆ ಅವರು ಹೇಳುತ್ತಲೇ ಹೋದರು. ಅರ್ಧ ಅವರೇ ಕಂಡದ್ದು, ಅರ್ಧ ಅವರ ತಾಯಿ ಹೇಳಿದ್ದು. ಮೊದಮೊದಲು ಕೈ ಮಾತ್ರ ಎಗರುತ್ತಿತ್ತಂತೆ. ಅಚ್ಚಿನ ಮೊಳೆ ಜೋಡಿಸುವಾಗ ಜಾರಿ ಬೀಳುತ್ತಿದ್ದವು. ಮಾಸಿಮಾ ಇನ್ನೂ ತೊಟ್ಟಿಲಲ್ಲಿದ್ದ ದಿನಗಳಲ್ಲಿ ಕಾಕಾ ತಮ್ಮ ಗಂಡುಕೂಸನ್ನು ಎತ್ತಿಕೊಂಡು ಇದೇ ಅಂಗಳದಲ್ಲಿ ತಿರುಗುತ್ತಿದ್ದರು. ಒಂದು ಬೆಳಿಗ್ಗೆ ತೋಳು ತಾನಾಗಿ ಎಗರಿ ಕೂಸು ಕಲ್ಲಿನ ಮೇಲೆ ಬಿತ್ತು. ಉಸಿರು ನಿಂತಂತಾಗಿ, ಬಹಳ ಹೊತ್ತಿನ ಮೇಲೆ ಅತ್ತಿತು. ಅಂದಿನಿಂದ ಅವರು ಕೂಸನ್ನು ಮುಟ್ಟಲಿಲ್ಲ. ಗಾಯ ಆರಿದ ಕೂಡಲೇ ಹೆಂಡತಿಯನ್ನೂ ಕೂಸನ್ನೂ ರೈಲು ಹತ್ತಿಸಿದರು.

"ಊರಿಗೆ ಒಂದು ಪತ್ರವನ್ನಾದರೂ ಬರೆಯಬಹುದಿತ್ತಲ್ಲ?" ಎಂದು ಕೇಳಿದೆ.

"ಪೆನ್ನು ಎಲ್ಲಿ ನಿಲ್ಲುತ್ತಿತ್ತು? ನಾನು ಬರೆದುಕೊಡುತ್ತೇನೆ ಅಂತ ಅಪ್ಪ ಎಷ್ಟು ಸಲ ಹೇಳಿದರೂ ಬೇಡ ಅನ್ನುತ್ತಿದ್ದರು. ಅಣ್ಣನಿಗೆ ತಿಳಿದರೆ ಬಂದು ಕರೆದೊಯ್ಯುತ್ತಾನೆ, ಊರೆಲ್ಲ ನೋಡುತ್ತದೆ, ಇಂಥ ಮನೆಯ ಹುಡುಗನಿಗೆ ನಾಳೆ ಯಾರು ಹೆಣ್ಣು ಕೊಡುತ್ತಾರೆ ಅನ್ನುತ್ತಿದ್ದರಂತೆ. ಊರಲ್ಲಿ ಯಾರಿಗೂ ಹೇಳಬೇಡವೆಂದು ಹೆಂಡತಿಯಿಂದಲೂ ಆಣೆ ಮಾಡಿಸಿ ಕಳಿಸಿದ್ದರಂತೆ."

ವೈನಿಯ ಮಾತು ಕಿವಿಯಲ್ಲಿ ಹಾಗೇ ಇತ್ತು. ನಾನು ತಲೆ ತಗ್ಗಿಸಿ ಮುಂದಿನ ಪ್ರಶ್ನೆ ಕೇಳಿದೆ. ಅವರಿಗೆ ಇಲ್ಲಿ ಬೇರೆ ಹೆಂಗಸು ಯಾರಾದರೂ ಇದ್ದಳೇ? ಮಾಲತಿ ಅದನ್ನು ದಾಟಿಸಲು ಹಿಂಜರಿದಳು. ಕೇಳಿದ ಮೇಲೆ ಮಾಸಿಮಾ ನನ್ನನ್ನು ದಿಟ್ಟಿಸಿ ನೋಡಿದರು, ತರಗತಿಯಲ್ಲಿ ತಪ್ಪು ಉತ್ತರ ಹೇಳಿದ ಹುಡುಗಿಯನ್ನು ನೋಡುವ ಹಾಗೆ.

"ಹೆಂಗಸೇ! ಅನ್ನ ಬಾಯಿಗೆ ಹೋಗುತ್ತಿರಲಿಲ್ಲ. ಕೆಲಸ ಹೋದ ಮೇಲೆ ಅಮ್ಮ ಬಡಿಸುತ್ತಿದ್ದಳು, ಅಪ್ಪ ಉಣಿಸುತ್ತಿದ್ದರು. ಮೀನು ಮುಟ್ಟದ ಮನುಷ್ಯ ಅಂತ ಅವರೊಬ್ಬರಿಗಾಗಿ ಬೇರೆ ಒಲೆ. ಸಂಜೆ ಗೋಡೆ ಹಿಡಿದುಕೊಂಡು ಘಾಟಿನವರೆಗೆ ನಡೆಯುತ್ತಿದ್ದರು. ನಾವು ಮಕ್ಕಳು ಹಿಂದೆ ಹೋಗುತ್ತಿದ್ದೆವು. ಕೊನೆಗೆ ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದರು. ಅಷ್ಟೆ."

ಅಂಗಳದ ಕಲ್ಲುಹಾಸಿನ ಮೇಲೆ ಬಿಸಿಲು ಬಿದ್ದಿತ್ತು. ಮಾಸಿಮಾ ಮುಂದಕ್ಕೆ ಬಾಗಿ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಏನೋ ಕೇಳಿದರು. ಮಾಲತಿಯ ಕಣ್ಣು ತುಂಬಿತ್ತು.

"ಅವರು ಕೇಳ್ತಿದಾರೆ, ಅಕ್ಕ. ಆ ಮಗು ಬದುಕ್ತಾ ಅಂತ. ಅಷ್ಟು ದೂರ ರೈಲಲ್ಲಿ, ತಲೆಗೆ ಪೆಟ್ಟು ಬಿದ್ದ ಮಗು. ಅವರಮ್ಮ ಸಾಯೋವರೆಗೂ ಅದನ್ನೇ ಕೇಳ್ತಿದ್ರಂತೆ."

ಮಾಲತಿಗೆ ಕಾಯದೆ, ನನಗೆ ಬಂದ ಹಿಂದಿಯಲ್ಲೇ ಹೇಳಿದೆ. ಬದುಕಿದ. ಓದಿದ. ಮದುವೆಯಾದ. ನಾನು ಅವನ ಮಗಳು.

ಮಾಸಿಮಾ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿದರು.

ಗರಿಯಾಹಾಟ್, ಅದೇ ಸಂಜೆ

ಬೂತಿನ ಗಾಜಿನ ಆಚೆ ಗರಿಯಾಹಾಟಿನ ಗದ್ದಲ. ನಂಬರು ಒತ್ತಿ, ಗಂಟೆ ಬಾರಿಸುವ ಮೊದಲೇ ಎರಡು ಸಲ ಇಟ್ಟುಬಿಟ್ಟೆ. ಮೂರನೆಯ ಸಲ ಅಣ್ಣನೇ ಎತ್ತಿದ.

"ಅಣ್ಣಾ, ಮೊನ್ನೆ ಹೇಳಿದ್ದು ತಪ್ಪಾತು."

"ಯಾಕ? ಹೆಸರು ಬ್ಯಾರೆ ಅದ ಏನು?"

"ಹೆಸರು ವೆಂಕಜ್ಜಂದಽ. ಮನಷ್ಯಾ ಶಾಮಜ್ಜ."

ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಹಿಂದುಮುಂದಾದವು. ಸರ್ಟಿಫಿಕೇಟು, ಬಾರಾನಗರ, ಮಾಸಿಮಾ, ಘಾಟು. ಸಣ್ಣ ಪರದೆಯ ಮೇಲೆ ಕೆಂಪು ಅಂಕಿಗಳು ಓಡುತ್ತಿದ್ದವು.

"ಅಂವಗ ಇತ್ತೇನು?" ಎಂದ ಕೊನೆಗೆ.

"ಇತ್ತು."

"ನನ್ನಂಗಽ?"

"ಹೂಂ."

ಅವನ ಉಸಿರು ಕೇಳುತ್ತಿತ್ತು. ಫೋನು ಯಾವುದಕ್ಕೋ ತಗುಲಿ ತಗುಲಿ ಸದ್ದಾಗುತ್ತಿತ್ತು; ಅವನ ಕೈ ಎಂದು ಗೊತ್ತಾಯಿತು.

"ಕೂಸಿನ್ನ ಬೀಳಿಸಿದ್ನಂತ?"

"ಹೂಂ. ಅದಕ್ಕಽ ಕಳಿಸಿದ್ನಂತ."

"ಮತ್ತ ಆ ಇನ್ನೊಬ್ಬಾಕಿ?"

"ಯಾರೂ ಇದ್ದಿಲ್ಲ, ಅಣ್ಣಾ. ಯಾರೂ ಇದ್ದಿಲ್ಲ."

ಬೈಯುತ್ತಾನೆ, ನಂಬುವುದಿಲ್ಲ, ಫೋನು ಇಡುತ್ತಾನೆ ಎಂದು ಕಾದೆ.

"ನೀ ಬಾ" ಎಂದ. "ಬೆಂಗಳೂರಿಗೆ ಒಬ್ಬಾಂವ ಹೋಗೂದು ನನ್ನ ಕೈಲಾಗೂದಿಲ್ಲ."

ಧಾರವಾಡ

ಅವನು ರಕ್ತ ಕೊಟ್ಟ. ವರದಿ ಬಂದದ್ದು ಮಳೆ ಶುರುವಾದ ಮೇಲೆ. ಡಾಕ್ಟರು ಊಹಿಸಿದ್ದೇ ನಿಜವಾಗಿತ್ತು. ವೈನಿ ಎಷ್ಟು ತಡೆದರೂ ಅನಘಾ ತಾನೇ ಹುಡುಗನಿಗೆ ಎಲ್ಲ ತಿಳಿಸಿದಳು. ಅವನು ಒಂದು ಭಾನುವಾರ ಬಂದು ಅಣ್ಣನ ಜೊತೆ ಕುಳಿತು ಊಟ ಮಾಡಿ ಹೋದ. ಅವನ ಮನೆಯ ಹಿರಿಯರು ಸ್ವಲ್ಪ ಸಮಯ ಕೊಡಿ ಎಂದರು. ಇದನ್ನು ಬರೆಯುವ ಹೊತ್ತಿಗೆ ಮದುವೆ ಮುರಿದಿಲ್ಲ, ದಿನವೂ ಗೊತ್ತಾಗಿಲ್ಲ. ನಾನಿನ್ನೂ ರಕ್ತ ಕೊಟ್ಟಿಲ್ಲ. ಕೊಡಬೇಕೆಂದು ಬೆಳಿಗ್ಗೆ ಅನಿಸುತ್ತದೆ, ಸಂಜೆ ಬೇಡವೆನಿಸುತ್ತದೆ. ಅಪ್ಪನ ಫೋಟೋದ ಒಂದು ಪ್ರತಿ ಮಾಡಿಸಿ ಬಾರಾನಗರಕ್ಕೆ ಕಳಿಸಿದೆ.

ಮಹಾಲಯ ಅಮಾವಾಸ್ಯೆಯ ದಿನ ಅಣ್ಣ ತರ್ಪಣಕ್ಕೆ ಕುಳಿತ. ಎಳ್ಳು, ನೀರು, ದರ್ಭೆ. ಅಪ್ಪನ ಹೆಸರಾಯಿತು. ಅಜ್ಜನ ಹೆಸರು ಬಂದಾಗ ಆಚಾರ್ಯರು ವಾಡಿಕೆಯಂತೆ "ವೆಂಕಟರಾಯ" ಎಂದು ಶುರುಮಾಡಿದರು. ಅಣ್ಣ ತಡೆದ.

"ಶಾಮರಾಯ ಅನ್ರಿ."

ಆಚಾರ್ಯರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಶಾಮರಾಯನ ಹೆಸರಿನಲ್ಲಿ ಅಣ್ಣ ನೀರು ಬಿಟ್ಟ. ಅವನ ಕೈ ಎಗರಿ ನೀರು ತಟ್ಟೆಗೆ ಬೀಳದೆ ಆಚಾರ್ಯರ ಪಂಚೆಯ ಮೇಲೆ ಚೆಲ್ಲಿತು. ನಾನು ಹತ್ತಿರ ಸರಿದು ಅವನ ಮೊಣಕೈ ಹಿಡಿದುಕೊಂಡೆ. ವೆಂಕಜ್ಜ, ಶಾಮಜ್ಜ ಇಬ್ಬರಿಗೂ ಮುತ್ತಜ್ಜನೊಬ್ಬನೇ ಅಪ್ಪ, ಅಲ್ಲಿ ತಕರಾರಿರಲಿಲ್ಲ. ಅದೂ ಮುಗಿಯಿತು.

"ಇನ್ನ ವೆಂಕಜ್ಜಗ ಬಿಡಸ್ರಿ" ಎಂದ ಅಣ್ಣ.

"ಬಿಡಸೋಣ. ಸಂಬಂಧ ಏನಂತ ಹೇಳ್ಲಿ? ದೊಡ್ಡಜ್ಜ ಅಂತ ಹೇಳ್ಲ್ಯಾ?"

"ಪಿತಾಮಹ ಅನ್ರಿ."

"ಹಂಗ ಬರೂದಿಲ್ಲ, ಮಾಸ್ತರ್ರ. ಪಿತಾಮಹ ಒಬ್ಬಾಂವಽ ಇರ್ತಾನ."

"ನಮಗ ಇಬ್ರು ಇದ್ರು, ಆಚಾರ್ರ" ಎಂದು ಅಣ್ಣ ಮತ್ತೆ ಅಂಗೈ ಚಾಚಿದ.